ಕರೆದಾಗೆಲ್ಲ ಓಗೊಟ್ಟ ಕಂಪನಿ

ನನ್ನ ತಂಗಿಯ ಮಗಳು ಹೊರದೇಶಗಳಲ್ಲಿ ಕಂಪನಿ ತೆರೆದುಕೊಡುವ ಆಫೀಸಿಗೆ ಸೇರಿದ್ದಾಳೆ. ಚಹಾ ಆರುವುದರೊಳಗೆ ಎಲ್ಲೋ ಒಂದು ದ್ವೀಪದಲ್ಲಿ ಕಂಪನಿ ಹುಟ್ಟಿಸಿಬಿಡುತ್ತಾಳೆ, ಕುರ್ಚಿಯಿಂದ ಏಳುವುದೂ ಇಲ್ಲ. ಹಿಂದೆ ಇದಕ್ಕೆ ವರ್ಷಗಟ್ಟಲೆ ಹಿಡಿಯುತ್ತಿತ್ತು ಅಂದದ್ದಕ್ಕೆ, "ದೊಡ್ಡಮ್ಮ, ಇತ್ನಾ ಟೈಮ್ ಆಪ್ ಲೋಗ್ ಕರ್ತೇ ಕ್ಯಾ ಥೇ?" ಎಂದು ನಕ್ಕಳು. ಅಷ್ಟು ಸಮಯ ನಾವೇನು ಮಾಡುತ್ತಿದ್ದೆವು ಎಂಬುದನ್ನು ಅವಳಿಗೂ ಅವಳಂಥವರಿಗೂ ಬರೆದಿಡುತ್ತಿದ್ದೇನೆ. ಅವಳಿಗೆ ಕನ್ನಡ ತಿಳಿಯುತ್ತದೆ, ಓದಲು ಬಾರದು. ಯಾರಾದರೂ ಓದಿ ಹೇಳಿ ಪುಣ್ಯ ಕಟ್ಟಿಕೊಳ್ಳಲಿ.

ನಾನು ಉಡುಪಿ ಕಡೆಯವಳು, ಹೆಸರು ಶಾರದಾ. ಅಪ್ಪ ಠಾಣೆ ರೈಲ್ವೆ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಕ್ಯಾಶ್ ನೋಡಿಕೊಳ್ಳುತ್ತಿದ್ದರು, ಮನೆ ಡೊಂಬಿವಲಿಯಲ್ಲಿ. ಎಪ್ಪತ್ತರ ದಶಕದಲ್ಲಿ ಟೈಪಿಂಗ್ ಪಾಸಾದ ಹುಡುಗಿಗೆ ಕೆಲಸ ಸಿಗುವುದು ಕಷ್ಟವಿರಲಿಲ್ಲ. ಠಾಣೆಯ ವಾಗಳೆ ಎಸ್ಟೇಟಿನಲ್ಲಿ ಎನಾಮೆಲ್ ಪಾತ್ರೆ ಮಾಡುವ ಒಂದು ಕಾರ್ಖಾನೆಗೆ ಟೆಲೆಕ್ಸ್ ಆಪರೇಟರ್ ಆಗಿ ಸೇರಿದೆ. ಅಲ್ಲಿಂದಲೇ ನಿವೃತ್ತಳಾದೆ. ನಡುವೆ ಯಾವಾಗ ಬಡ್ತಿ ಬಂತು, ಯಾವಾಗ ಕ್ಯಾಬಿನ್ ಸಿಕ್ಕಿತು ಎಂಬುದರಿಂದ ಯಾರಿಗೂ ಏನೂ ಲಾಭವಿಲ್ಲ.

ಟೆಲೆಕ್ಸ್ ಅಂದರೆ ಫೋನಿನ ತಂತಿ ಕಟ್ಟಿದ ಟೈಪ್‌ರೈಟರ್ ಎಂದುಕೊಳ್ಳಿ. ಠಾಣೆಯಲ್ಲಿ ಕೂತು ಹೊಡೆದ ಅಕ್ಷರ ಅದೇ ಕ್ಷಣ ಸಮುದ್ರದಾಚೆಯ ಯಂತ್ರದ ಮೇಲೂ ಮೂಡುತ್ತಿತ್ತು. ಇಂಗ್ಲಿಷಿನ ದೊಡ್ಡಕ್ಷರ ಮಾತ್ರ. ನಾವು ಹೊಡೆದದ್ದು ಕೆಂಪು, ಅತ್ತಲಿಂದ ಬಂದದ್ದು ಕಪ್ಪು. ಪ್ರತಿ ಯಂತ್ರಕ್ಕೂ ಒಂದು ಹೆಸರು ಇರುತ್ತಿತ್ತು, ಅದನ್ನು ಯಂತ್ರದ ಹೊಟ್ಟೆಯಲ್ಲೇ ಕೂರಿಸಿರುತ್ತಿದ್ದರು. 'ನೀನು ಯಾರು' ಎಂದು ಕೇಳುವುದಕ್ಕೇ ಒಂದು ಕೀಲಿ. ಅದನ್ನು ಒತ್ತಿದರೆ ಆಚೆಯ ಯಂತ್ರ ತನ್ನ ಹೆಸರನ್ನು ತಾನೇ ಹೊಡೆದು ಕಳಿಸುತ್ತಿತ್ತು. ಅಲ್ಲಿ ಮನುಷ್ಯರು ಇರಬೇಕೆಂದಿಲ್ಲ, ಕರೆಂಟು ಇದ್ದರೆ ಸಾಕು. ಆ ಉತ್ತರಕ್ಕೆ ಆನ್ಸರ್‌ಬ್ಯಾಕ್ ಎನ್ನುತ್ತಿದ್ದೆವು. ಮಾತು ಶುರುಮಾಡುವಾಗ ಒಮ್ಮೆ, ಮುಗಿಸುವಾಗ ಒಮ್ಮೆ ಹೆಸರು ಕೇಳುವುದು ಪದ್ಧತಿ. ಹೆಸರು ಬಂತೆಂದರೆ ಸುದ್ದಿ ತಲುಪಿತು ಎಂದು ಕೋರ್ಟೂ ಒಪ್ಪುತ್ತಿತ್ತು, ಬ್ಯಾಂಕೂ ಒಪ್ಪುತ್ತಿತ್ತು.

ನನಗೆ ಕೆಲಸ ಕಲಿಸಿದವರು ಮಂಗಳೂರಿನ ಡಿಸೋಜಾ. ಮುದುಕರಾದರೂ ಬೆರಳು ಬಲು ಚುರುಕು. ಏಡನ್ ಬಂದರಿನಲ್ಲಿ ಮುಚ್ಚಿಹೋದ ಒಂದು ಆಫೀಸಿನ ಕಥೆ ಹೇಳಿದ್ದರು. ಎಲ್ಲರೂ ಊರು ಬಿಟ್ಟು ಹೋಗಿ ಎಷ್ಟೋ ತಿಂಗಳ ಮೇಲೆ ಇವರು ನಂಬರು ತಪ್ಪಿ ಅಲ್ಲಿಗೆ ಕರೆದರೆ, ಹೆಸರು ಟಕಟಕ ಎಂದು ಬಂತಂತೆ. ಅದನ್ನು ಹೇಳುವಾಗ ಡಿಸೋಜಾ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡರು. ನಾನು ನಕ್ಕೆ. ಇಪ್ಪತ್ತು ದಾಟಿದ ಹುಡುಗಿ ಮತ್ತೇನು ಮಾಡುತ್ತಾಳೆ?

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನಮ್ಮ ಮನೆಮನೆಗಳಲ್ಲಿ ಸ್ಟೀಲು ತುಂಬಿತ್ತು, ಎನಾಮೆಲ್ ಯಾರಿಗೂ ಬೇಡವಾಗಿತ್ತು. ಪಶ್ಚಿಮ ಆಫ್ರಿಕದಲ್ಲಿ ಮಾತ್ರ ಹೂವಿನ ಚಿತ್ರವಿದ್ದ ದೊಡ್ಡ ಬೋಗುಣಿಗಳಿಗೆ ಬೇಡಿಕೆ ಇತ್ತು. ಕಾರ್ಖಾನೆಯ ಮಾಲಿಕರನ್ನು ನಾವೆಲ್ಲ ಶೇಠ್‌ಜಿ ಅನ್ನುತ್ತಿದ್ದೆವು. ಅವರು ಅಲ್ಲೇ ಒಂದು ಬಂದರು ನಗರದಲ್ಲಿ ಕಂಪನಿ ತೆರೆಯಲು ನಿಶ್ಚಯಿಸಿದರು. ದೇಶದ ಹೆಸರು ಬರೆಯುವುದಿಲ್ಲ, ಶೇಠ್‌ಜಿಯ ಮೊಮ್ಮಕ್ಕಳು ಇನ್ನೂ ವ್ಯಾಪಾರದಲ್ಲಿದ್ದಾರೆ.

ಆಗಿನ ಕಷ್ಟಗಳನ್ನು ಹೇಳಿದರೆ ನಿಮಗೆ ನಗು ಬರಬಹುದು. ಹೊರದೇಶಕ್ಕೆ ಬಂಡವಾಳವಾಗಿ ಹಣ ಕಳಿಸಲು ನಮ್ಮ ಸರ್ಕಾರ ಸುಲಭಕ್ಕೆ ಬಿಡುತ್ತಿರಲಿಲ್ಲ, ಯಂತ್ರ ಕಳಿಸಿ ಎನ್ನುತ್ತಿತ್ತು. ಹಾಗಾಗಿ ಠಾಣೆಯ ಹಳೆಯ ಕುಲುಮೆಯನ್ನೇ ಬಿಚ್ಚಿ, ಬಣ್ಣ ಬಳಿದು, ಪೆಟ್ಟಿಗೆಗೆ ತುಂಬಿ ಹಡಗು ಹತ್ತಿಸಿದೆವು. ಆ ದೇಶದವರು ಪಾಲಿನ ಅರ್ಧ ತಮ್ಮವರೊಬ್ಬರ ಹೆಸರಿನಲ್ಲಿ ಇರಬೇಕೆಂದರು. ಅಲ್ಲಿಯ ವಕೀಲರು ಒಬ್ಬ ಪಾಲುದಾರನನ್ನು ಹುಡುಕಿ ಅವನ ಫೋಟೋ ಕಳಿಸಿದರು. ಎರಡನೆಯ ಅರ್ಜಿಗೆ ಇನ್ನೊಂದು ಫೋಟೋ ಬಂತು. ಎರಡರಲ್ಲೂ ಒಬ್ಬನೇ ಮನುಷ್ಯ ಎಂದು ನನಗಂತೂ ಅನ್ನಿಸಲಿಲ್ಲ. ಎಕ್ಸ್‌ಪೋರ್ಟ್ ಮ್ಯಾನೇಜರ್ ಬಾಪಟರು ಎರಡನ್ನೂ ಬೆಳಕಿಗೆ ಹಿಡಿದು ನೋಡಿ, ಟೋಪಿಯಿಂದ ಹಾಗೆ ಕಾಣುತ್ತದೆ ಎಂದು ಒಳಗಿಟ್ಟರು.

ಎಲ್ಲಕ್ಕಿಂತ ದೊಡ್ಡ ಫಜೀತಿ ಆದದ್ದು ಕುಂಕುಮದಿಂದ. ಕಂಪನಿ ಸ್ಥಾಪನೆಯ ಕಾಗದಗಳನ್ನು ತಿಂಗಳುಗಟ್ಟಲೆ ಕೂತು ಟೈಪು ಮಾಡಿ, ನೋಟರಿ ಮಾಡಿಸಿ ಇಟ್ಟಿದ್ದೆವು. ಕಳಿಸುವ ದಿನ ಶೇಠ್‌ಜಿ ಪೂಜೆ ಮಾಡಿಸಿ, ಪ್ರತಿ ಹಾಳೆಯ ನಾಲ್ಕು ಮೂಲೆಗೂ ಒದ್ದೆ ಕುಂಕುಮ ಹಚ್ಚಿದರು. ಶುಭಕಾರ್ಯದ ಕಾಗದಕ್ಕೆ ನಾವು ಹಚ್ಚದೆ ಇರುತ್ತೇವೆಯೇ? ಅಲ್ಲಿಯ ರಿಜಿಸ್ಟ್ರಾರ್ ಕಟ್ಟು ಬಿಚ್ಚಿದವರು ಹಾಗೇ ಕಟ್ಟಿ ವಾಪಸು ಕೊಟ್ಟರಂತೆ. ಆಫೀಸಿನ ಗುಮಾಸ್ತರು ಅದನ್ನು ಮುಟ್ಟಲು ಒಪ್ಪುತ್ತಿಲ್ಲ, ಮೂಲೆಗಳಿಗೆ ರಕ್ತ ಸವರಿ ಏನೋ ಮಾಡಿಸಿದ್ದಾರೆ ಎಂದು ಹೆದರಿದ್ದಾರೆ ಎಂದು ವಕೀಲರ ಟೆಲೆಕ್ಸ್ ಬಂತು. ಮತ್ತೆ ಮೊದಲಿಂದ ಟೈಪು ಮಾಡಿದವಳು ನಾನೇ.

ಕೊನೆಗೂ ನೋಂದಣಿಯಾಯಿತು. ಅಲ್ಲಿ ಇದ್ದು ಎಲ್ಲ ಕಟ್ಟಿ ನಿಲ್ಲಿಸಲು ಅನಂತ ಕುಲಕರ್ಣಿಯವರನ್ನು ಕಳಿಸಿದರು. ಧಾರವಾಡದ ಕಡೆಯವರು, ನಮ್ಮ ಅಕೌಂಟ್ಸಿನಲ್ಲಿದ್ದವರು, ಡೊಂಬಿವಲಿಯ ರಾಮನಗರದಲ್ಲಿ ಮನೆ. ನಾಚಿಕೆಯ ಮನುಷ್ಯ. ಹೆಂಡತಿ ಸುಮಿತ್ರಾ ಗಂಡನ ಎರಡರಷ್ಟು ಮಾತಾಡುತ್ತಿದ್ದರು. ಕುಲಕರ್ಣಿ ಅಲ್ಲಿ ಟೆಲೆಕ್ಸ್ ಯಂತ್ರ ಜೋಡಿಸಿದ ದಿನ ಶೇಠ್‌ಜಿ, ಬಾಪಟರು ಎಲ್ಲ ನನ್ನ ಗಾಜಿನ ಕೋಣೆಗೆ ಬಂದು ನಿಂತರು. ನಾನು 'ನೀನು ಯಾರು' ಕೀಲಿ ಒತ್ತಿದೆ. ಹೊಸ ಕಂಪನಿಯ ಹೆಸರು ಕಪ್ಪಕ್ಷರದಲ್ಲಿ ಮೂಡಿತು. ಶೇಠ್‌ಜಿ ಪೇಢೆ ಹಂಚಿಸಿದರು. ಕಂಪನಿ ಹುಟ್ಟಿದ್ದು ಆ ಕ್ಷಣ ಎಂದೇ ನಾವೆಲ್ಲ ತಿಳಿದೆವು.

ಅಲ್ಲಿಯ ಬೆಳಗು ನಮಗೆ ಊಟ ಮುಗಿದ ಮೇಲಿನ ಹೊತ್ತು. ದಿನಾ ಆ ಹೊತ್ತಿಗೆ ಕುಲಕರ್ಣಿ ಕರೆಯುತ್ತಿದ್ದರು. ಕಂಪನಿಯ ಮಾತು ಮುಗಿದ ಮೇಲೆ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಹೊಡೆಯುತ್ತಿದ್ದರು. ಊಟ ಆತೇನ್ರಿ, ಡೊಂಬಿವಲಿಯಾಗ ಮಳಿ ಹೆಂಗೈತಿ, ಮನ್ಯಾಗ ಆರಾಮ ಇದ್ದೀನಂತ ಹೇಳ್ರಿ. ರಾಮನಗರದ ಆ ಮನೆಯಲ್ಲಿ ಫೋನಿರಲಿಲ್ಲ. ನಾನು ಸಂಜೆಯ ಲೋಕಲ್ ಇಳಿದು, ಅವರ ಮೆಟ್ಟಿಲು ಹತ್ತಿ, ಸುದ್ದಿ ಮುಟ್ಟಿಸಿ ನನ್ನ ಮನೆಗೆ ಹೋಗುತ್ತಿದ್ದೆ. ಸುಮಿತ್ರಾ ಬಾಗಿಲಲ್ಲೇ ಕಾಯುತ್ತಿದ್ದರು. ಒಂದು ಸಾಲು ಕೊಟ್ಟರೆ ಅದರಿಂದ ಹತ್ತು ಪ್ರಶ್ನೆ ತೆಗೆಯುತ್ತಿದ್ದರು.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಒಂದು ಮಳೆಗಾಲ ಆ ನಗರದಲ್ಲಿ ಗಲಾಟೆ ಶುರುವಾಯಿತು. ಬಂದರು ಬಂದ್, ಬ್ಯಾಂಕು ಬಂದ್, ಬೀದಿಯಲ್ಲಿ ಸೈನಿಕರು. ಕುಲಕರ್ಣಿಯ ಮಾತು ಗಿಡ್ಡವಾಯಿತು. ಒಂದು ದಿನ, ಮೈ ಬೆಚ್ಚಗಿದೆ, ಮನೆಗೆ ಹೇಳಬೇಡಿ ಎಂದು ಹೊಡೆದರು. ಮರುದಿನ ಕರೆ ಬರಲಿಲ್ಲ. ಅದರ ಮರುದಿನ, ಅದೇ ಹೊತ್ತಿಗೆ, ನಮ್ಮ ಯಂತ್ರದ ಗಂಟೆ ಬಾರಿಸಿತು. ಅವರೇ ಎಂದು ಓಡಿಹೋಗಿ ಕೂತೆ.

ಕಾಗದದ ಮೇಲೆ ಅವರ ಕಂಪನಿಯ ಹೆಸರು ಮೂಡಿತು. ಆಮೇಲೆ ಆ ಕಡೆಯಿಂದ ಯಾರೋ 'ನೀನು ಯಾರು' ಕೀಲಿ ಒತ್ತಿದರು. ನಮ್ಮ ಯಂತ್ರ ತನ್ನ ಹೆಸರು ಹೇಳಿತು. ಸ್ವಲ್ಪ ಹೊತ್ತು ಲೈನು ಹಾಗೇ ತೆರೆದಿತ್ತು, ಮೋಟರು ಮಾತ್ರ ಗುಂಯ್ ಎನ್ನುತ್ತಿತ್ತು. ಆಮೇಲೆ ಕಡಿದುಹೋಯಿತು. ಒಂದೇ ಒಂದು ಮಾತಿಲ್ಲ.

ಮರುದಿನವೂ ಹಾಗೇ. ಅದರ ಮರುದಿನವೂ. ಹೆಸರು ಹೇಳುವುದು, ಹೆಸರು ಕೇಳುವುದು, ಸುಮ್ಮನಿರುವುದು, ಹೋಗುವುದು. ಹೇಗಿದ್ದೀರಿ ಎಂದು ಕನ್ನಡದಲ್ಲಿ ಹೊಡೆದೆ. ಆ ಕಡೆ ಮೌನ. ಊಟ ಆಯಿತೇ ಎಂದೆ. ಮೌನ, ಆಮೇಲೆ ಮತ್ತೆ ಆ ಕೀಲಿ. ನನ್ನ ಕಣ್ಣೆದುರೇ ನನ್ನ ಯಂತ್ರ ನನ್ನನ್ನು ಕೇಳದೆ ಉತ್ತರ ಕೊಡುತ್ತಿತ್ತು. ಗಾಜಿನ ಕೋಣೆಯಲ್ಲಿ ಹಗಲು ಬೆಳಕಿತ್ತು, ಹೊರಗೆ ನಮ್ಮವರೆಲ್ಲ ಓಡಾಡುತ್ತಿದ್ದರು, ಆದರೂ ನನ್ನ ತೋಳಿನ ಮೇಲೆ ಕೂದಲು ನಿಂತಿತ್ತು. ಆಚೆ ಯಾರೋ ಕೂತಿದ್ದಾರೆ, ನಾನು ಹೊಡೆದದ್ದನ್ನು ನೋಡುತ್ತಿದ್ದಾರೆ, ಉಸಿರಾಡುತ್ತಿದ್ದಾರೆ ಎಂದು ಅನ್ನಿಸುತ್ತಿತ್ತು. ಡಿಸೋಜಾರ ಕಥೆಗೆ ನಕ್ಕವಳು ಆ ವಾರವೆಲ್ಲ ಒಬ್ಬಳೇ ಆ ಕೋಣೆಗೆ ಹೋಗಲಿಲ್ಲ, ಏನಾದರೂ ನೆಪ ಮಾಡಿ ಯಾರನ್ನಾದರೂ ಕರೆದುಕೊಂಡು ಹೋಗುತ್ತಿದ್ದೆ.

ಬಾಪಟರಿಗೆ ಹೇಳಿದೆ. ಅವರ ಲೆಕ್ಕಾಚಾರ ಸರಳವಾಗಿತ್ತು. ದಿನಾ ಕರೆ ಬರುತ್ತಿದೆ, ಅಂದರೆ ಕರೆಂಟಿದೆ, ಆಫೀಸು ತೆರೆದಿದೆ, ಕುಲಕರ್ಣಿ ಇದ್ದಾನೆ. ಗಲಾಟೆಯ ದೇಶದಲ್ಲಿ ಬಾಯಿ ಬಿಡಲು ಹೆದರಿರಬೇಕು. ಬಾಪಟರು ಕೆಟ್ಟವರಲ್ಲ. ಆದರೆ ಅಲ್ಲಿಯ ಕಾಯ್ದೆಯಂತೆ ಊರಲ್ಲೇ ನೆಲೆಸಿದ ನಿರ್ದೇಶಕ ಇಲ್ಲವೆಂದಾದರೆ ಕಂಪನಿಯನ್ನು ಸರ್ಕಾರ ವಶಪಡಿಸಿಕೊಳ್ಳಬಹುದಿತ್ತು. ಪಾಲುದಾರನ ಪತ್ತೆಯಿರಲಿಲ್ಲ, ವಕೀಲರ ಯಂತ್ರ ಸತ್ತುಹೋಗಿತ್ತು. ನಿರ್ದೇಶಕನೆಂದು ಹೆಸರು ಕೊಟ್ಟಿದ್ದ ಕುಲಕರ್ಣಿ ಬಾಪಟರಿಗೆ ಅಲ್ಲಿ ಇರಲೇಬೇಕಿತ್ತು. ಅದಕ್ಕೇ ಇದ್ದಾನೆ ಎಂದರು. ದಿನಾ ಕುಲಕರ್ಣಿಯ ಹೆಸರಿಗೆ ಉದ್ದುದ್ದ ಟೆಲೆಕ್ಸ್ ಬರೆಸಿದರು: ದಯವಿಟ್ಟು ದಾಸ್ತಾನು ತಿಳಿಸಿ, ದಯವಿಟ್ಟು ಖಚಿತಪಡಿಸಿ. ನಮ್ಮ ಟೆಲೆಕ್ಸ್ ಇಂಗ್ಲಿಷಿನಲ್ಲಿ ಅರ್ಧ ಅಕ್ಷರ ನುಂಗಿಯೇ ಹೊಡೆಯುವುದು, ರೊಕ್ಕ ಉಳಿಸಲು. ಕೊನೆಗೆ ಹೆಸರು ಬರುತ್ತಿತ್ತು. ತಲುಪಿತು ಎಂದು ಬಾಪಟರು ಸಹಿ ಹಾಕುತ್ತಿದ್ದರು. ನಮ್ಮ ರಾಯಭಾರ ಕಚೇರಿಗೂ ತಂತಿ ಕೊಟ್ಟರು, ವಿಚಾರಿಸುತ್ತಿದ್ದೇವೆ ಎಂದು ಉತ್ತರ ಬಂತು, ಅಷ್ಟೇ.

ರಾಮನಗರದ ಮೆಟ್ಟಿಲು ಹತ್ತುವುದು ನನಗೆ ದೊಡ್ಡ ಶಿಕ್ಷೆಯಾಯಿತು. ಕುಲಕರ್ಣಿ ಕ್ಷೇಮ ಎಂದು ಹೇಳಲು ಬಾಪಟರು ಹೇಳಿದ್ದರು. ಒಂದು ದಿನ ಹೇಳಿದೆ, ಮರುದಿನ ನಾಲಿಗೆ ಏಳಲಿಲ್ಲ. ಇದ್ದದ್ದು ಇದ್ದಂತೆ ಹೇಳಿಬಿಟ್ಟೆ: ಯಂತ್ರ ಕರೆಯುತ್ತಿದೆ ಸುಮಿತ್ರಾ, ಅವರು ಮಾತಾಡುತ್ತಿಲ್ಲ. ಜ್ವರದ ವಿಷಯವನ್ನೂ ಹೇಳಿದೆ.

ಸುಮಿತ್ರಾ ಅಳುತ್ತಾರೆ ಎಂದುಕೊಂಡಿದ್ದೆ. ಅವರು ಒಲೆ ಆರಿಸಿ ಬಂದು ನನ್ನೆದುರು ನೆಲದ ಮೇಲೆ ಕೂತರು. ಆ ಸಂಜೆ ಡೊಂಬಿವಲಿಯ ಫೇಸ್ ಒಂದರ ಕಾರ್ಖಾನೆಗಳ ರಾಸಾಯನಿಕದ ವಾಸನೆ ಮನೆಯೊಳಗೆ ತುಂಬಿತ್ತು, ಕಿಟಕಿ ಹಾಕಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ಕರೆಯುತ್ತಿರುವುದು ಕುಲಕರ್ಣಿಯವರೇ ಹೌದೋ ಅಲ್ಲವೋ ಎಂದು ತಿಳಿಯಲು ಅವರಿಗೊಬ್ಬರಿಗೇ ಗೊತ್ತಿರುವ ಏನನ್ನಾದರೂ ಕೇಳೋಣ ಎಂದು ನಾನೇ ಸಲಹೆ ಕೊಟ್ಟೆ, ಕನ್ನಡದಲ್ಲೇ ಕೇಳೋಣ, ಬೇರೆಯವರಿಗೆ ತಿಳಿಯಬಾರದು. ಸುಮಿತ್ರಾ ಒಂದು ಪ್ರಶ್ನೆ ಕೊಟ್ಟರು. ಮದುವೆಯಾದ ಹೊಸದರಲ್ಲಿ ಅವರಿಬ್ಬರೂ ಟಿಟ್ವಾಳಾ ಗಣಪತಿಗೆ ಹೋಗಿ ಬರುವಾಗ ಕುಲಕರ್ಣಿ ಲೋಕಲಿನಲ್ಲಿ ಏನು ಮರೆತು ಇಳಿದಿದ್ದರು ಎಂದು. ಮರುದಿನ ಆ ಹೊತ್ತಿಗೆ ಗಂಟೆ ಬಾರಿಸಿದ ಕೂಡಲೇ ಅದನ್ನೇ ಹೊಡೆದೆ. ಮೌನ ಎಂದಿಗಿಂತ ಉದ್ದವಾಗಿತ್ತು. ಆಮೇಲೆ ಮತ್ತೆ, ನೀನು ಯಾರು.

ಅವತ್ತು ಸಂಜೆ ಸುಮಿತ್ರಾ ಎಲ್ಲ ಕೇಳಿಕೊಂಡು, ನಾಳೆ ನಾನೂ ಬರುತ್ತೇನೆ ಎಂದರು. ಟೆಲೆಕ್ಸ್ ಕೋಣೆಗೆ ಹೊರಗಿನವರನ್ನು ಬಿಡುವಂತಿರಲಿಲ್ಲ. ನಾನು ಯಾರನ್ನೂ ಕೇಳಲಿಲ್ಲ. ಮಧ್ಯಾಹ್ನ ಬಾಪಟರು ಊಟಕ್ಕೆ ಹೋದಾಗ ಒಳಗೆ ಕರೆದುಕೊಂಡು ಹೋಗಿ ನನ್ನ ಪಕ್ಕದಲ್ಲಿ ಸ್ಟೂಲು ಹಾಕಿ ಕೂರಿಸಿದೆ. ಅವರು ತೊಡೆಯ ಮೇಲೆ ಪರ್ಸು ಹಿಡಿದುಕೊಂಡು ಯಂತ್ರವನ್ನೇ ನೋಡುತ್ತಿದ್ದರು.

ಗಂಟೆ ಬಾರಿಸಿತು. ಕಪ್ಪಕ್ಷರದಲ್ಲಿ ಹೆಸರು ಬಂತು, ನಮ್ಮದು ಹೋಯಿತು, ಮೋಟರಿನ ಗುಂಯ್ ಸದ್ದು ಉಳಿಯಿತು. ಹಿಂದಿನ ದಿನಗಳ ಕಾಗದದ ಸುರುಳಿಯನ್ನೆಲ್ಲ ಸುಮಿತ್ರಾ ಕೈಯಲ್ಲಿ ಹಿಡಿದು ನೋಡಿದ್ದರು. ಮೆಲ್ಲಗೆ ಕೇಳಿದರು:

"ಅಕ್ಕಾರ, ಇದರಾಗ ಎಲ್ಲಾರೂ ನಮ್ಮನಿಯವರನ್ನ ಕೇಳೀರಿ. ಅಲ್ಲಿ ಕುಂತವರನ್ನ ಯಾರಂತ ಯಾರೂ ಕೇಳೇ ಇಲ್ಲಲ್ಲ?"

ಕೇಳುತ್ತಲೇ ಇದ್ದೇವೆ, ಕೀಲಿಯೇ ಇದೆಯಲ್ಲ ಎನ್ನಲು ಬಾಯಿ ತೆರೆದವಳು ಸುಮ್ಮನಾದೆ. ನಾವು ಕೇಳಿದ್ದು ಯಂತ್ರವನ್ನು. ಬಾಪಟರು ಕೇಳಿದ್ದು ಅಕ್ಷರ ನುಂಗಿದ ಇಂಗ್ಲಿಷಿನಲ್ಲಿ, ಕುಲಕರ್ಣಿಯನ್ನು. ನಾನು ಕೇಳಿದ್ದು ಕನ್ನಡದಲ್ಲಿ, ಅದೂ ಕುಲಕರ್ಣಿಯನ್ನೇ. ಬೇರೆ ಯಾರೇ ಕೂತಿದ್ದರೂ ಅದು ತನಗೆ ಬಂದದ್ದಲ್ಲ ಎಂದೇ ತಿಳಿಯುತ್ತಿದ್ದ.

ಸುಮಿತ್ರಾ ಮೆಟ್ರಿಕ್‌ವರೆಗೆ ಓದಿದವರು. ಅಕ್ಷರ ಹುಡುಕಿ ಹುಡುಕಿ, ಒಂದೇ ಬೆರಳಿನಲ್ಲಿ, ಪೂರಾ ಇಂಗ್ಲಿಷಿನಲ್ಲಿ ಅವರೇ ಹೊಡೆದರು. ನಾನು ಕುಲಕರ್ಣಿಯವರ ಹೆಂಡತಿ. ಅಲ್ಲಿ ಕೂತಿರುವ ನೀವು ಯಾರು?

ಎಷ್ಟು ಹೊತ್ತು ಕಾದೆವೋ ತಿಳಿಯದು. ಆಮೇಲೆ ಕಪ್ಪಕ್ಷರ ಒಂದೊಂದಾಗಿ ಬೀಳತೊಡಗಿತು. ಕುಲಕರ್ಣಿಯವರ ಕೈ ಸರಾಗವಾಗಿ ಓಡುತ್ತಿತ್ತು. ಇದು ಹಾಗಲ್ಲ, ಪ್ರತಿ ಅಕ್ಷರಕ್ಕೂ ಒಂದು ತಡವರಿಕೆ, ತಪ್ಪಾದರೆ ಮತ್ತೆ ಮೊದಲಿಂದ. ಬಂದದ್ದು ಮುರುಕು ಇಂಗ್ಲಿಷಿನಲ್ಲಿ. ಅದರ ಅರ್ಥವನ್ನು ಕನ್ನಡದಲ್ಲಿ ಬರೆಯುತ್ತೇನೆ.

ನಾನು ವಾಚ್‌ಮನ್. ಸಾಹೇಬರು ಆಸ್ಪತ್ರೆಗೆ ಹೋದರು. ಹೋಗುವಾಗ ಇದನ್ನು ಒತ್ತಲು ಕಲಿಸಿದರು. ನಾನು ಬರುವವರೆಗೆ ದಿನಾ ಒತ್ತು, ಮನೆಯಲ್ಲಿ ನನ್ನ ಹೆಂಡತಿ ಹೆದರಬಾರದು ಎಂದರು. ದಿನಾ ಒತ್ತಿದೆ.

ಸುಮಿತ್ರಾ ಹೊಡೆದರು: ಸಾಹೇಬರು ಎಲ್ಲಿ?

ಜ್ವರ ಇಳಿಯಲಿಲ್ಲ ಅಮ್ಮ. ಬೀದಿಯಲ್ಲಿ ಗುಂಡು ಹಾರುತ್ತಿತ್ತು. ನಾನೂ ನನ್ನ ತಮ್ಮನೂ ಸೇರಿ ಚರ್ಚಿನ ಹಿಂದೆ ಮಣ್ಣು ಮಾಡಿದೆವು. ಯಾರಿಗೆ ಹೇಳಬೇಕೋ ತಿಳಿಯಲಿಲ್ಲ. ಕಾಗದ ಬರುತ್ತಲೇ ಇತ್ತು. ಎಲ್ಲ ಸಾಹೇಬರ ಹೆಸರಿಗೆ. ಅವರ ಮೇಜಿನ ಮೇಲೆ ಇಟ್ಟಿದ್ದೇನೆ.

ಬಾಪಟರು ಯಾವಾಗಲೋ ಬಂದು ನಮ್ಮ ಹಿಂದೆ ನಿಂತಿದ್ದರು. ಅವರೂ ಓದಿದರು. ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಸುಮಿತ್ರಾ ಅಲುಗಾಡಲಿಲ್ಲ. ನಾನು ಅವರ ಭುಜ ಹಿಡಿದುಕೊಂಡೆ. ಕಟ್ಟಿಗೆಯ ಹಾಗಿತ್ತು. ಕಣ್ಣೆದುರಿನ ಕಾಗದದ ಮೇಲೆ ಇನ್ನೊಂದು ಸಾಲು ಮೂಡುತ್ತಿತ್ತು.

ಅಮ್ಮ, ನಾಳೆಯೂ ಒತ್ತಬೇಕೇ?

ಆಮೇಲೆ ಬಾಪಟರು ಮೆಲ್ಲಗೆ, "ಚಾಲೂ ರಾಹೂ ದ್ಯಾ," ಎಂದರು. ನಡೆಯುತ್ತಿರಲಿ, ಇಲ್ಲದಿದ್ದರೆ ಕಂಪನಿ ಹೋಗುತ್ತದೆ, ಇಷ್ಟು ಜನರ ವರ್ಷಗಳ ಕೆಲಸ ಹೋಗುತ್ತದೆ, ಕೆಲವು ದಿನ ಮಾತ್ರ ಎಂದು ನನಗೇ ಹೇಳಿದರು, ಸುಮಿತ್ರಾ ಕಡೆ ನೋಡಲಿಲ್ಲ. ನಾನು ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡೆ. ಈ ಒಂದು ಟೆಲೆಕ್ಸ್ ನಾನು ಹೊಡೆಯುವುದಿಲ್ಲ ಸಾಹೇಬರೇ ಎಂದೆ. ನನಗೆ ಆಗ ಅವರ ಮೇಲೆ ಬಂದ ಸಿಟ್ಟು ಇವತ್ತಿಗೂ ಪೂರಾ ಇಳಿದಿಲ್ಲ.

ಸುಮಿತ್ರಾ ಅವನ ಹೆಸರು ಕೇಳಿದರು. ಐಸಾಕ್ ಎಂದು ಬಂತು. ನಮ್ಮ ಕಂಪನಿಯ ಬಾಗಿಲು ದಿನಾ ತೆರೆಯುತ್ತಿದ್ದವನ ಹೆಸರು ಠಾಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಸುಮಿತ್ರಾ ಮತ್ತೆ ಆ ಒಂದೇ ಬೆರಳಿನಲ್ಲಿ, ಅಕ್ಷರ ಹುಡುಕುತ್ತ, ಹೊಡೆದರು: ಬೇಡ ಐಸಾಕ್. ಮನೆಗೆ ಹೋಗು.

ಸರಿ ಅಮ್ಮ ಎಂದು ಬಂತು. ಲೈನು ಕಡಿಯಿತು. ಮೋಟರು ನಿಂತಿತು. ಸುಮಿತ್ರಾ ಯಂತ್ರವನ್ನೇ ನೋಡುತ್ತ ಹೇಳಿದರು:

"ಸಾಕು ಅಂತ ಪಾಪ ಅವಗ ಯಾರೂ ಹೇಳೇ ಇದ್ದಿಲ್ಲ."

ಆಗ ಅವರಿಗೆ ಅಳು ಬಂತು. ನಾನು ಕೋಣೆಯ ಬಾಗಿಲು ಹಾಕಿದೆ. ಬಾಪಟರು ಹೊರಗೇ ನಿಂತಿದ್ದರು. ಸಂಜೆ ಬೇಗ ಹೊರಟು ನಾವಿಬ್ಬರೂ ಡೊಂಬಿವಲಿ ಲೋಕಲ್ ಹಿಡಿದೆವು, ಆ ಹೊತ್ತಿಗೆ ಲೇಡೀಸ್ ಡಬ್ಬಿಯಲ್ಲಿ ಸೀಟು ಸಿಕ್ಕಿತು. ಕಂಪನಿ ಕಾಗದದ ಮೇಲೆ ಇನ್ನೂ ಬಹಳ ದಿನ ಇತ್ತು. ಊಟದ ನಂತರದ ಆ ಹೊತ್ತಿಗೆ ಗಂಟೆ ಮಾತ್ರ ಮತ್ತೆ ಬಾರಿಸಲಿಲ್ಲ.